ಕೊಯ್ಲಿಗೆ 26 ಆಳು, ಮಳೆಗಾಲಕ್ಕೆ 7: ಹೊಸ ಕಾರ್ಮಿಕ ಸಂಹಿತೆ ನಮ್ಮಂಥವರಿಗೆ ಎಷ್ಟು ಅನ್ವಯ?

ಮಲ್ಲಂದೂರು ತೋಟ

ಚಿಕ್ಕಮಗಳೂರು ತಾಲ್ಲೂಕು. 14 ಎಕರೆ ಕಾಫಿ, ಒಳಗೆ ಮೆಣಸು, ಪಕ್ಕದಲ್ಲೇ ಐದು ಕೋಣೆಯ ಹೋಂಸ್ಟೇ. ಕಾಯಂ ಆಳು ತೋಟಕ್ಕೆ 4, ಹೋಂಸ್ಟೇಗೆ 3. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮೇಸ್ತ್ರಿ ಕರೆತರುವವರು 19, ಹೆಚ್ಚಿನವರು ಅಸ್ಸಾಂ ಕಡೆಯವರು. ಬಟವಾಡೆ ವಾರಕ್ಕೊಮ್ಮೆ, ಸಂತೆಯ ಹಿಂದಿನ ದಿನ. ರಾಜ್ಯದ ನಿಯಮ ಬರುವ ತನಕ ಸಂಹಿತೆ ಲೆಕ್ಕಕ್ಕಿಲ್ಲ ಅನ್ನುವ ಮಾತು ನಿಜವೇ? ಪಿಎಫ್ (ಭವಿಷ್ಯ ನಿಧಿ), ಇಎಸ್‌ಐಗೆ (ನೌಕರರ ರಾಜ್ಯ ವಿಮೆ) 7 ಎಣಿಸಬೇಕೋ, 26 ಎಣಿಸಬೇಕೋ? ಮೇಸ್ತ್ರಿ ಕೈಗೆ ಕೊಟ್ಟ ಮುಂಗಡ ಕೂಲಿಯಲ್ಲಿ ಹಿಡಿಯುವುದು ಹೇಗೆ? ಗೊತ್ತಿರುವವರು ಬಿಡಿಸಿ ಹೇಳಿ.

ಲೆಕ್ಕದ ಕೋಣೆ, ಹಾಸನ

ಮೊದಲನೆಯದಕ್ಕೆ ಉತ್ತರ: ನಿಜವಲ್ಲ. ವೇತನ ಸಂಹಿತೆ 2019, ಕೈಗಾರಿಕಾ ಸಂಬಂಧ ಸಂಹಿತೆ 2020, ಸಾಮಾಜಿಕ ಭದ್ರತಾ ಸಂಹಿತೆ 2020, ಔದ್ಯೋಗಿಕ ಸುರಕ್ಷತಾ ಸಂಹಿತೆ 2020 ನಾಲ್ಕೂ 2025ರ ನವೆಂಬರ್ 21ರಿಂದ ಜಾರಿಯಲ್ಲಿವೆ. ಹಳೆಯ 29 ಕಾಯ್ದೆಗಳು ಇವುಗಳಲ್ಲಿ ಸೇರಿಹೋದವು. ಕನಿಷ್ಠ ವೇತನ ಕಾಯ್ದೆ, ಪ್ಲಾಂಟೇಶನ್ ಲೇಬರ್ ಕಾಯ್ದೆ, ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷಕ್ಕೆ ತಕ್ಕಂತೆ ಕೊಡುವ ಇಡಿಗಂಟು) ಕಾಯ್ದೆ ಎಲ್ಲ ಆ ಪಟ್ಟಿಯಲ್ಲಿದ್ದವೇ. ನಿಯಮ ಅಂದರೆ ಯಾವ ನಮೂನೆ, ಯಾವ ಪೋರ್ಟಲ್, ಎಷ್ಟು ದಿನದ ಗಡುವು ಅನ್ನುವ ವಿವರ. ಹೊಸದು ಬರುವವರೆಗೆ ಹಳೆ ನಿಯಮ, ಹಳೆ ಅಧಿಸೂಚನೆಗಳು ಸಂಹಿತೆಗೆ ಎದುರಾಗದಷ್ಟು ಮಟ್ಟಿಗೆ ಮುಂದುವರಿಯುತ್ತವೆ. ಹಾಗಾಗಿ ರಾಜ್ಯ ಹೊರಡಿಸಿದ ಕನಿಷ್ಠ ವೇತನದ ದರ ಇವತ್ತೂ ಕಟ್ಟುಪಾಡೇ. ‘ನಿಯಮ ಬಂದಿಲ್ಲ’ ಅನ್ನುವುದು ಕೂಲಿ ಕಡಿಮೆ ಕೊಟ್ಟದ್ದಕ್ಕೆ ಸಮಜಾಯಿಷಿ ಆಗುವುದಿಲ್ಲ.

ಇನ್ನೊಂದು ಮಾತು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961 ರಾಜ್ಯದ ಕಾಯ್ದೆ. ಅದು ರದ್ದಾಗಿಲ್ಲ. ಇ-ಕಾರ್ಮಿಕ ಪೋರ್ಟಲಿನ ನೋಂದಣಿ ಹಾಗೇ ಬೇಕು.

ರೈಟರ್ ಪುಸ್ತಕ

ಎರಡನೆಯದಕ್ಕೆ ನಾನು ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ತಲೆ ಎಣಿಕೆ ಒಂದೇ ಅಲ್ಲ, ಬಾಬ್ತಿಗೊಂದು ಎಣಿಕೆ.

ಪಿಎಫ್: 20. ಇಪ್ಪತ್ತನೆಯ ಆಳು ಕೆಲಸಕ್ಕೆ ಬಂದ ದಿನದಿಂದಲೇ ಹತ್ತಿತು, ಅಂದರೆ ಅನ್ವಯವಾಯಿತು, ಅಂತ ಲೆಕ್ಕ. ಇದರಲ್ಲಿ ಮೇಸ್ತ್ರಿಯ ಆಳುಗಳೂ ಸೇರುತ್ತಾರೆ, ದಿನಗೂಲಿಯವರೂ ಸೇರುತ್ತಾರೆ, 15,000ಕ್ಕಿಂತ ಹೆಚ್ಚು ಸಂಬಳದವರೂ ಸೇರುತ್ತಾರೆ. ಆ ಮೇಲಿನ ಸಂಬಳದವರು ಮೊದಲೇ ಪಿಎಫ್ ಸದಸ್ಯರಲ್ಲದಿದ್ದರೆ ವಂತಿಗೆಯಿಂದ ಹೊರಗೆ ಉಳಿಯಬಹುದು, ಎಣಿಕೆಯಿಂದ ಹೊರಗೆ ಉಳಿಯುವುದಿಲ್ಲ. ಬಿರುಗಾಳಿಗೆ ಮರ ಬಿತ್ತು, ಎರಡು ದಿನಕ್ಕೆ ನಾಲ್ಕು ಜನ ಕರೆದಿರಿ ಅಂದರೆ ಅವರನ್ನು ಬಿಟ್ಟು ಎಣಿಸಿ ಎಂದು ವಾದಿಸಬಹುದು. ಕೊಯ್ಲು ಹಾಗಲ್ಲ. ವರ್ಷ ವರ್ಷ ಬರುವ, ತೋಟದ ಮುಖ್ಯ ಕೆಲಸ. ಆದ್ದರಿಂದ ನಿಮ್ಮ ಎಣಿಕೆ 26, ಪಿಎಫ್ ಹತ್ತಿದೆ. ಏಪ್ರಿಲ್‌ನಲ್ಲಿ 7ಕ್ಕೆ ಇಳಿದರೂ ಬಿಡುವುದಿಲ್ಲ. ಒಮ್ಮೆ ಹತ್ತಿದ್ದು ಹತ್ತಿದ್ದೇ, ಆ ಏಳು ಜನರಿಗೂ ಕಟ್ಟಬೇಕು.

ಇಎಸ್‌ಐ: 10. ಆದರೆ ಕಾಫಿ ತೋಟ ಇದಕ್ಕೆ ಕಡ್ಡಾಯವಾಗಿ ಒಳಪಡುವುದಿಲ್ಲ. ತೋಟದ ಮಾಲೀಕ ಬೇಕಿದ್ದರೆ ತಾನಾಗಿ ಸೇರಲು ಹೊಸ ಸಂಹಿತೆ ಬಾಗಿಲು ತೆರೆದಿದೆ, ಅಷ್ಟೇ. ಹೋಂಸ್ಟೇಯ 3 ಜನಕ್ಕೆ ಹತ್ತರ ಮಿತಿ ಮುಟ್ಟುವುದಿಲ್ಲ.

ಗ್ರಾಚ್ಯುಟಿ: 10. ಒಮ್ಮೆ ಹತ್ತಿದರೆ ಇದೂ ಬಿಡುವುದಿಲ್ಲ. ಬೋನಸ್: 20. ಕನಿಷ್ಠ ವೇತನ: ಎಣಿಕೆಯೇ ಇಲ್ಲ, ಒಂದು ಆಳಿದ್ದರೂ ಅನ್ವಯ.

ತೋಟ ಅಂತ ಸುರಕ್ಷತಾ ಸಂಹಿತೆಯ ಲೆಕ್ಕಕ್ಕೆ ಬರಲು ಕಾಫಿಗೆ 5 ಹೆಕ್ಟೇರ್, ಅಂದರೆ ಸುಮಾರು 12 ಎಕರೆ 14 ಗುಂಟೆ. ನಿಮ್ಮದು 14 ಎಕರೆ. ಮಿತಿ ದಾಟಿದೆ. ಲೈನ್ ಮನೆ (ಆಳುಗಳ ವಸತಿ), ಕುಡಿಯುವ ನೀರು, ಶೌಚಾಲಯ, ಔಷಧಿ ಸಿಂಪಡಿಸುವವರ ರಕ್ಷಣೆ ಎಲ್ಲ ಅದರಡಿ ಬರುತ್ತವೆ.

ಬಾಳೆಹೊನ್ನೂರು ಮೆಣಸು

ರೈಟರ್ ಸಾರ್, ತೋಟ ಒಂದು, ಹೋಂಸ್ಟೇ ಒಂದು. ಎರಡಕ್ಕೂ ಬೇರೆ ಬೇರೆ ನೋಂದಣಿ. ಒಟ್ಟು ಸೇರಿಸಿ 26 ಯಾಕೆ? ತೋಟ ಮಾತ್ರ ಎಣಿಸಿದರೂ 23 ಆಗುತ್ತೆ, ಅದು ಬೇರೆ ಮಾತು. ಆದರೆ ನಮ್ಮ ಕಡೆ ತೋಟಕ್ಕೆ 14, ಹೋಂಸ್ಟೇಗೆ 8 ಇರುವವರು ತುಂಬ ಜನ ಇದ್ದಾರೆ.

ರೈಟರ್ ಪುಸ್ತಕ

ಬೋರ್ಡು ಎರಡಿದ್ದರೆ ಸಂಸ್ಥೆ ಎರಡಾಗುವುದಿಲ್ಲ. ಪಿಎಫ್ ವಿಚಾರದಲ್ಲಿ ನೋಡುವುದು ಇವನ್ನು: ಮಾಲೀಕ ಒಬ್ಬನೇ? ದುಡ್ಡು ಒಂದೇ ಖಾತೆಯಿಂದ ಹರಿಯುತ್ತದೆಯೇ? ಆಡಳಿತ ಒಬ್ಬರದ್ದೇ? ಆಳುಗಳು ಅಲ್ಲಿಂದ ಇಲ್ಲಿಗೆ ಓಡಾಡುತ್ತಾರೆಯೇ? ಒಂದು ನಿಂತರೆ ಇನ್ನೊಂದು ನಡೆಯುತ್ತದೆಯೇ? ಬೆಳಿಗ್ಗೆ ಕಣದಲ್ಲಿ ಕಾಫಿ ಹರವಿದವಳೇ ಹನ್ನೊಂದಕ್ಕೆ ಹೋಂಸ್ಟೇಯಲ್ಲಿ ಬೆಡ್‌ಶೀಟ್ ಬದಲಿಸುತ್ತಿದ್ದರೆ, ಅವಳ ಕೂಲಿ ತೋಟದ ಚೆಕ್‌ರೋಲಿನಲ್ಲೇ (ಹಾಜರಿ, ಕೂಲಿಯ ಪುಸ್ತಕ) ಇದ್ದರೆ, ಎರಡೂ ಒಂದೇ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ನಿಜವಾಗಿ ಬೇರೆ ಇದ್ದರೆ ಬೇರೆ ಅಂತಲೇ ತೋರಿಸಿ: ಬೇರೆ ಲೆಕ್ಕಪತ್ರ, ಬೇರೆ ಹಾಜರಿ, ಬೇರೆ ಸಂಬಳದ ಖಾತೆ. 20 ದಾಟುತ್ತದೆ ಅಂತ ಹೆಂಡತಿ ಹೆಸರಿಗೆ ಹೋಂಸ್ಟೇ ಬರೆದಿಟ್ಟು ಉಳಿದದ್ದೆಲ್ಲ ಹಾಗೇ ಇಟ್ಟರೆ ಆ ಕಾಗದಕ್ಕೆ ಬೆಲೆ ಇಲ್ಲ.

ಲೆಕ್ಕದ ಕೋಣೆ, ಹಾಸನ

ಮಲ್ಲಂದೂರಿನವರಿಗೆ: ಗಾಬರಿ ಬೀಳುವಷ್ಟು ದೊಡ್ಡ ಮೊತ್ತ ಅಲ್ಲ, ಆದರೆ ಬಿಟ್ಟರೆ ಬೆಳೆಯುತ್ತದೆ. ತಿಂಗಳಿಗೆ 14,000 ವೇತನದ ಒಬ್ಬರಿಗೆ ಲೆಕ್ಕ ಹಾಕಿ ನೋಡಿ. ಆಳಿನ ಪಾಲು ಶೇ 12, ಅಂದರೆ 1,680. ನಿಮ್ಮ ಪಾಲೂ 1,680; ಅದರಲ್ಲಿ ಶೇ 8.33, ಅಂದರೆ 1,166 ಪಿಂಚಣಿಗೆ, ಉಳಿದ 514 ಪಿಎಫ್‌ಗೆ. ಇದರ ಮೇಲೆ ವಿಮೆಗೆ ಶೇ 0.5, ಆಡಳಿತ ವೆಚ್ಚಕ್ಕೆ ಶೇ 0.5. ಆಡಳಿತ ವೆಚ್ಚ ಇಡೀ ಸಂಸ್ಥೆಗೆ ತಿಂಗಳಿಗೆ ಕನಿಷ್ಠ 500. ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ತಡವಾದರೆ ವರ್ಷಕ್ಕೆ ಶೇ 12 ಬಡ್ಡಿ, ಅದರ ಮೇಲೆ ತಿಂಗಳಿಗೆ ಶೇ 1ರಂತೆ ದಂಡ. ದಂಡದ ಈ ದರ 2024ರ ಜೂನ್‌ನಿಂದ ಬಂದದ್ದು. ಅದಕ್ಕೆ ಮೊದಲು ತಡ ಎಷ್ಟು ತಿಂಗಳೋ ಅದರ ಮೇಲೆ ಶೇ 25ರವರೆಗೂ ಏರುತ್ತಿತ್ತು.

ಹಿಂದೆ ಬಿಟ್ಟುಹೋದವರಿಗಾಗಿ ಪಿಎಫ್ ಸಂಸ್ಥೆ ಇಟ್ಟ ನೋಂದಣಿ ಅಭಿಯಾನದ ಅವಧಿ 2025ರ ನವೆಂಬರ್ 1ರಿಂದ 2026ರ ಏಪ್ರಿಲ್ 30ರವರೆಗೆ. 2017ರ ಜುಲೈ 1ರಿಂದ 2025ರ ಅಕ್ಟೋಬರ್ 31ರ ನಡುವೆ ಸೇರಿ, ಈಗಲೂ ನಿಮ್ಮಲ್ಲಿ ಕೆಲಸ ಮಾಡುತ್ತಿರುವವರನ್ನು ಆ ಅವಧಿಯೊಳಗೆ ಘೋಷಿಸಬಹುದು. ಅವರ ಪಾಲನ್ನು ನೀವು ಹಿಡಿದಿರದಿದ್ದರೆ ಅದು ಮಾಫಿ. ನಿಮ್ಮ ಪಾಲು, ಬಡ್ಡಿ, ಆಡಳಿತ ವೆಚ್ಚ ಕಟ್ಟಬೇಕು. ದಂಡ ಬರೀ 100 ರೂಪಾಯಿ. ಕಾಯಂ ನಾಲ್ಕು ಜನ ಹಳಬರಾಗಿದ್ದರೆ, ಹಿಂದಿನ ಕೊಯ್ಲುಗಳಲ್ಲೂ ಇಪ್ಪತ್ತು ದಾಟಿದ್ದರೆ, ಇದು ನಿಮಗೇ ಮಾಡಿದ ಹಾಗಿದೆ.

ಕಡೂರು ಸೈಬರ್ ಕೆಲಸ

ಕಾಗದದಲ್ಲಿ ಸುಲಭ, ನೋಂದಣಿಗೆ ಕೂತಾಗ ಎರಡು ಕಡೆ ಸಿಕ್ಕಿಕೊಳ್ಳುತ್ತದೆ. ಒಂದು, ಅಸ್ಸಾಂನಿಂದ ಬಂದವರಲ್ಲಿ ತುಂಬ ಜನಕ್ಕೆ ಬೆಂಗಳೂರಿನಲ್ಲೋ ಕೇರಳದಲ್ಲೋ ಕೆಲಸ ಮಾಡಿ ಯುಎಎನ್ (ಪಿಎಫ್ ಸದಸ್ಯರ ಕಾಯಂ ನಂಬರ್) ಮೊದಲೇ ಇರುತ್ತದೆ. ಕೇಳದೆ ಹೊಸದು ಮಾಡಿಸಲು ಹೋಗಬೇಡಿ. ಎರಡು ನಂಬರಾದರೆ ಆಮೇಲೆ ದುಡ್ಡು ತೆಗೆಯುವಾಗ ಆಳಿಗೇ ಕಷ್ಟ. ಎರಡು, 2025ರ ಆಗಸ್ಟ್‌ನಿಂದ ಹೊಸ ಯುಎಎನ್ ಅನ್ನು ಉಮಂಗ್ ಆ್ಯಪ್‌ನಲ್ಲಿ ಮುಖ ತೋರಿಸಿಯೇ ಮಾಡಬೇಕು. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಬೇಕು. ತೋಟದಲ್ಲಿ ನೆಟ್‌ವರ್ಕ್ ಸಿಗದ ಕಡೆ ಇದು ಆಗುವುದಿಲ್ಲ, ಸಿಗ್ನಲ್ ಇರುವ ಜಾಗಕ್ಕೆ ಕರೆತರಬೇಕು. ಹೆಸರು ಆಧಾರ್‌ನಲ್ಲಿ ಇರುವ ಅಕ್ಷರದಂತೆಯೇ ಹಾಕಿ. ಮೇಸ್ತ್ರಿ ಬರೆದುಕೊಟ್ಟ ಹೆಸರಿನ ಮೇಲೆ ಹೋದರೆ ಕೆವೈಸಿ ತಿರಸ್ಕಾರ ಆಗುತ್ತದೆ.

ಮಲ್ಲಂದೂರು ತೋಟ

ಧನ್ಯವಾದ. ಒಂದು ಸ್ಪಷ್ಟ ಮಾಡಿ: ಮೇಸ್ತ್ರಿ ಅವರಿಗೆ ಪಿಎಫ್ ಕಟ್ಟುತ್ತೇನೆ ಅಂದರೆ ನಾನು ಸುಮ್ಮನಿರಬಹುದೇ?

ರೈಟರ್ ಪುಸ್ತಕ

ಮೇಸ್ತ್ರಿಗೆ ಸ್ವಂತ ಪಿಎಫ್ ಕೋಡ್ ಇದ್ದರೆ ಅವರು ಕಟ್ಟಲಿ. ಪ್ರತಿ ತಿಂಗಳ ಚಲನ್ ಜೊತೆ ಹೆಸರುವಾರು ಪಟ್ಟಿ ತರಿಸಿಕೊಂಡು, ನಿಮ್ಮ ಚೆಕ್‌ರೋಲಿನ ಹೆಸರುಗಳಿಗೆ ತಾಳೆ ಹಾಕಿಯೇ ಬಿಲ್ ಪಾಸ್ ಮಾಡಿ. ಅವರು ಕಟ್ಟದಿದ್ದರೆ ಹೊಣೆ ನಿಮ್ಮದೇ. ಕೂಲಿಯೂ ಅಷ್ಟೇ: ಮೇಸ್ತ್ರಿಗೆ ಪೂರ್ತಿ ದುಡ್ಡು ಕೊಟ್ಟು, ಮೇಸ್ತ್ರಿ ಆಳಿಗೆ ಕೊಡದೆ ಹೋದರೆ ನೀವು ಇನ್ನೊಮ್ಮೆ ಕೊಡಬೇಕಾಗುತ್ತದೆ. ಆದ್ದರಿಂದ ಕೂಲಿ ಆಳಿನ ಖಾತೆಗೆ, ಕಮಿಷನ್ ಮೇಸ್ತ್ರಿ ಖಾತೆಗೆ, ಎರಡನ್ನೂ ಬೇರ್ಪಡಿಸಿ. ಗುತ್ತಿಗೆದಾರರ ಲೈಸೆನ್ಸ್ ಮಿತಿ ಈಗ 50 ಆಳು. 19 ಜನ ತರುವ ಮೇಸ್ತ್ರಿಗೆ ಲೈಸೆನ್ಸ್ ಬೇಕಿಲ್ಲ. ನಿಮ್ಮ ಹೊಣೆ ಅದರಿಂದ ಕಮ್ಮಿಯಾಗುವುದೂ ಇಲ್ಲ.

ಸಂತೆಪೇಟೆ ಬೇಕರಿ

ಹಾಸನ. ನಮ್ಮದೂ ಇದೇ ಚೀಲದೊಳಗೆ ಹಾಕಿ. ಬೇಕರಿ ಮತ್ತು ಅಂಗಡಿ ಸೇರಿ 11 ಜನ. ಮಾಸ್ಟರ್‌ಗೆ ತಿಂಗಳಿಗೆ 30,000: ಬೇಸಿಕ್, ಡಿಎ (ತುಟ್ಟಿಭತ್ಯೆ) ಸೇರಿ 12,000, ಮನೆ ಬಾಡಿಗೆ ಭತ್ಯೆ 12,000, ಓಡಾಟದ ಭತ್ಯೆ 6,000. ಶೇ 50ರ ನಿಯಮ ಅಂತಾರಲ್ಲ, ಬೇಸಿಕ್ ಏರಿಸಲೇಬೇಕೇ?

ಲೆಕ್ಕದ ಕೋಣೆ, ಹಾಸನ

ಬೇಕರಿ ಲೆಕ್ಕವನ್ನು ಹಾಸನದವರಿಗೆ ಹೇಳಿಕೊಡುವ ಕಾಲ ಬಂತಲ್ಲ!

ಬೇಸಿಕ್ ಏರಿಸಿ ಅಂತ ಕಾನೂನು ಹೇಳಿಲ್ಲ. ಅದು ಹೇಳುವುದು ಲೆಕ್ಕದ ರೀತಿ. ‘ವೇತನ’ ಅಂದರೆ ಬೇಸಿಕ್, ಡಿಎ, ಉಳಿಕೆ ಭತ್ಯೆ (ಕೆಲಸವಿಲ್ಲದ ಅವಧಿಯಲ್ಲಿ ಆಳನ್ನು ಉಳಿಸಿಕೊಳ್ಳಲು ಕೊಡುವುದು). ಮನೆ ಬಾಡಿಗೆ, ಓಡಾಟ, ಓಟಿ, ಕಮಿಷನ್, ಬೋನಸ್, ಮಾಲೀಕನ ಪಿಎಫ್ ಪಾಲು ಇಂಥವು ವೇತನದಿಂದ ಹೊರಗೆ. ಆದರೆ ಹೊರಗಿಟ್ಟದ್ದು ಒಟ್ಟು ಸಂಭಾವನೆಯ ಅರ್ಧ ಮೀರಿದರೆ, ಮೀರಿದಷ್ಟು ವೇತನಕ್ಕೆ ವಾಪಸ್ ಸೇರುತ್ತದೆ. ನಿಮ್ಮ ಮಾಸ್ಟರ್ ಲೆಕ್ಕ: ಹೊರಗಿಟ್ಟದ್ದು 18,000. ಅರ್ಧ 15,000. ಮೀರಿದ್ದು 3,000. 12,000ಕ್ಕೆ ಸೇರಿಸಿ ವೇತನ 15,000.

ಇದರ ಪೆಟ್ಟು ಎಲ್ಲಿ ಬೀಳುತ್ತದೆ? ಗ್ರಾಚ್ಯುಟಿಯಲ್ಲಿ. ವರ್ಷಕ್ಕೆ 15 ದಿನದ ವೇತನ, ತಿಂಗಳನ್ನು 26ರಿಂದ ಭಾಗಿಸಿ. 12,000ಕ್ಕೆ ವರ್ಷಕ್ಕೆ 6,923 ಆಗುತ್ತಿತ್ತು, 15,000ಕ್ಕೆ 8,654. ಎಂಟು ವರ್ಷಕ್ಕೆ 55,385 ಹೋಗಿ 69,231. ಈ ಲೆಕ್ಕ ಕೊನೆಯ ವೇತನದ ಮೇಲೆ, ಹಿಂದಿನ ಎಲ್ಲ ವರ್ಷಗಳಿಗೂ ಅನ್ವಯ. ಅದಕ್ಕೇ ಹಳಬರಿರುವ ಕಡೆ ಹೊರೆ ಜಾಸ್ತಿ. ನಿಮ್ಮಲ್ಲಿ 11 ಜನ, ಅಂದರೆ ಪಿಎಫ್ ಹತ್ತಿಲ್ಲ. ಹತ್ತಿದ್ದರೂ 15,000ದ ಮಿತಿಯ ಮೇಲೆ ಕಟ್ಟುವವರಿಗೆ ಅದು 1,800ಕ್ಕೇ ನಿಲ್ಲುತ್ತದೆ.

ಇನ್ನೊಂದು ಬಲೆ. ಕೆಲವರು ‘ವಿಶೇಷ ಭತ್ಯೆ’ ಅಂತ ಒಂದು ಸಾಲು ಹಾಕಿ 8,000 ಬರೆದಿರುತ್ತಾರೆ. ಹೊರಗಿಡುವ ಪಟ್ಟಿಯಲ್ಲಿ ಅಂಥ ಹೆಸರೇ ಇಲ್ಲ. ಪಟ್ಟಿಯಲ್ಲಿಲ್ಲದ್ದು ವೇತನವೇ.

ಸಂತೆಪೇಟೆ ಬೇಕರಿ

ಇಎಸ್‌ಐ?

ಲೆಕ್ಕದ ಕೋಣೆ, ಹಾಸನ

11 ಜನ ಇದ್ದಾರೆ ಅಂದರೆ ಹತ್ತಿದೆ. 21,000ದವರೆಗಿನ ವೇತನದವರಿಗೆ. ಮಾಲೀಕ ಶೇ 3.25, ನೌಕರ ಶೇ 0.75. 14,000ಕ್ಕೆ ನಿಮ್ಮದು 455, ಅವರದು 105. ಇದೂ 15ನೇ ತಾರೀಕು. ಮಧ್ಯದಲ್ಲಿ ಯಾರದಾದರೂ ಸಂಬಳ 21,000 ದಾಟಿದರೆ ತಕ್ಷಣ ಕೈಬಿಡಬೇಡಿ. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಅನ್ನುವ ಅವಧಿ ಮುಗಿಯುವವರೆಗೆ ಕಟ್ಟಬೇಕು. ಅವಧಿಯ ನಡುವೆ ನಿಲ್ಲಿಸಿದವರಿಗೇ ಹೆಚ್ಚಾಗಿ ನೋಟಿಸ್ ಬರುವುದು.

ಹತ್ತು ದಾಟಿದ್ದಕ್ಕೆ ಇನ್ನೂ ಒಂದು: ಲೈಂಗಿಕ ಕಿರುಕುಳ ತಡೆ ಕಾಯ್ದೆ 2013ರಡಿ ಆಂತರಿಕ ಸಮಿತಿ. ಅಧ್ಯಕ್ಷತೆ ಮಹಿಳೆಗೆ, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು, ಹೊರಗಿನ ಸಂಸ್ಥೆಯವರೊಬ್ಬರು. ಸಮಿತಿ ಇಲ್ಲದಿದ್ದರೆ 50,000ದವರೆಗೆ ದಂಡ. ಹತ್ತಕ್ಕಿಂತ ಕಡಿಮೆ ಇದ್ದರೆ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ.

ಅರಸೀಕೆರೆ ಕೊಬ್ಬರಿ

ಋತುಚಕ್ರ ರಜೆ ಬೇಕರಿಗೂ ಇದೆಯಾ?

ಲೆಕ್ಕದ ಕೋಣೆ, ಹಾಸನ

2025ರ ನವೆಂಬರ್‌ನ ಸರ್ಕಾರಿ ಆದೇಶದ ಪ್ರಕಾರ ಇದೆ. ಅಂಗಡಿ ಕಾಯ್ದೆ, ಕಾರ್ಖಾನೆ ಕಾಯ್ದೆ, ಪ್ಲಾಂಟೇಶನ್ ಕಾಯ್ದೆಯಡಿ ನೋಂದಾಯಿತ ಸಂಸ್ಥೆಗಳೆಲ್ಲ ಸೇರಿವೆ. 18ರಿಂದ 52 ವರ್ಷದ ಮಹಿಳೆಯರಿಗೆ ತಿಂಗಳಿಗೆ ಒಂದು, ವರ್ಷಕ್ಕೆ 12 ದಿನ, ಸಂಬಳ ಸಮೇತ. ವೈದ್ಯರ ಚೀಟಿ ಕೇಳುವಂತಿಲ್ಲ. ಈ ತಿಂಗಳದ್ದು ಮುಂದಿನ ತಿಂಗಳಿಗೆ ಹೋಗುವುದಿಲ್ಲ. ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ. ಹಾಜರಿ ಪುಸ್ತಕದಲ್ಲಿ ಇದಕ್ಕೊಂದು ಬೇರೆ ಗುರುತು ಇಟ್ಟುಕೊಳ್ಳಿ, ಗಳಿಕೆ ರಜೆಯಲ್ಲಿ ಕಳೆಯಬೇಡಿ.

ಕಟ್ಟಾಯ ಕಡೆಯವ

ಇಷ್ಟೆಲ್ಲ ಬರೆಯುತ್ತೀರಿ, ಹತ್ತು ಆಳಿನ ಕಡೆ ಯಾರು ಬಂದು ನೋಡುತ್ತಾರೆ? ಎಲ್ಲ ಸುಮ್ಮನೆ ಹೆದರಿಸುವುದು.

ರೈಟರ್ ಪುಸ್ತಕ

ಅಣ್ಣ, ಯಾರೂ ಬಂದು ನೋಡಬೇಕಿಲ್ಲ. ಆಳು ಅರ್ಜಿ ಹಾಕಿದರೆ ಸಾಕು. ವೇತನ ಸಂಹಿತೆಯಲ್ಲಿ ಬಾಕಿ ಕೇಳಲು 3 ವರ್ಷ ಸಮಯ. ಕೊಟ್ಟಿದ್ದೇನೆ ಅಂತ ರುಜುವಾತು ಮಾಡುವ ಭಾರ ಮಾಲೀಕನ ಮೇಲೆ, ಕೊಟ್ಟಿಲ್ಲ ಅಂತ ತೋರಿಸುವ ಭಾರ ಆಳಿನ ಮೇಲಲ್ಲ. ಬಾಕಿಯ ಮೇಲೆ ಹತ್ತು ಪಟ್ಟಿನವರೆಗೆ ಪರಿಹಾರ ಹಾಕುವ ಅಧಿಕಾರ ಇದೆ. ಕೂಲಿ ಕಡಿಮೆ ಕೊಟ್ಟದ್ದಕ್ಕೆ ದಂಡ ಬೇರೆ, 50,000ದವರೆಗೆ. ಐದು ವರ್ಷದೊಳಗೆ ಮತ್ತೆ ಅದೇ ತಪ್ಪಾದರೆ ಮೂರು ತಿಂಗಳವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ.

ನಿಮ್ಮ ಮಾತಿನಲ್ಲಿ ಒಂದು ಭಾಗ ಸರಿ. ಇನ್‌ಸ್ಪೆಕ್ಟರ್ ಈಗ ‘ನಿರೀಕ್ಷಕ ಮತ್ತು ಸುಗಮಕಾರ’. ಕೂಲಿ ಕಡಿಮೆ ಕೊಟ್ಟದ್ದನ್ನು ಬಿಟ್ಟು ಉಳಿದ ಬಗೆಯ ಮೊದಲ ಸಲದ ತಪ್ಪಿಗೆ ನೇರ ಕೇಸ್ ಹಾಕುವಂತಿಲ್ಲ, ಸರಿಪಡಿಸಿಕೊಳ್ಳಲು ಲಿಖಿತ ಸೂಚನೆ ಕೊಟ್ಟು ಸಮಯ ಕೊಡಬೇಕು. ಐದು ವರ್ಷದೊಳಗಿನ ಎರಡನೇ ಸಲಕ್ಕೆ ಆ ಸವಲತ್ತಿಲ್ಲ. ಬೇಸಾಯಕ್ಕೆ 5 ಜನರವರೆಗೆ ಇಟ್ಟುಕೊಂಡವರಿಗೆ ರಿಜಿಸ್ಟರ್, ವೇತನ ಚೀಟಿಯಿಂದ ವಿನಾಯಿತಿ ಇದೆ, ಆದರೂ ಕೇಳಿದಾಗ ಕೂಲಿ ಕೊಟ್ಟದ್ದಕ್ಕೆ ಪುರಾವೆ ತೋರಿಸಬೇಕು. ಫೋನ್‌ಪೇ ಸ್ಟೇಟ್‌ಮೆಂಟ್ ಆದರೂ ಸರಿ.

ಸಕಲೇಶಪುರ ಏಲಕ್ಕಿ

ಚೆಕ್‌ರೋಲ್ ಬಗ್ಗೆ ಯಾರೂ ಬಿಡಿಸಿ ಬರೆಯಲಿಲ್ಲ. ಕೊಯ್ಲಿನಲ್ಲಿ ಬಹುಪಾಲು ಕಡೆ ಬರೆಯುವುದು ಇಷ್ಟೇ: ಹೆಸರು, ಕಿಲೋ, ರೂಪಾಯಿ. ಗಂಟೆ ಇಲ್ಲ, ದರ ಇಲ್ಲ, ಸಹಿ ಇಲ್ಲ. ದರ ಕಿಲೋಗೆ 6 ರೂಪಾಯಿ ಅಂತಿಟ್ಟುಕೊಳ್ಳಿ. ಹಳಬಳು 110 ಕಿಲೋ ಕೊಯ್ದು 660 ತೆಗೆದುಕೊಳ್ಳುತ್ತಾಳೆ, ತೊಂದರೆ ಇಲ್ಲ. ಹೊಸಬ ಅದೇ ಎಂಟು ಗಂಟೆಯಲ್ಲಿ 55 ಕಿಲೋ ಕೊಯ್ದು 330. ದಿನದ ಕನಿಷ್ಠ ಕೂಲಿ ಅದಕ್ಕಿಂತ ಹೆಚ್ಚಿದ್ದು, ಕಿಲೋಗೆ ಪ್ರತ್ಯೇಕ ಕನಿಷ್ಠ ದರ ನಿಗದಿಯಾಗಿಲ್ಲದಿದ್ದರೆ, ಕಡಿಮೆ ಬಿದ್ದಷ್ಟನ್ನು ಮಾಲೀಕ ತುಂಬಿಕೊಡಬೇಕು. ‘ಅವನೇ ನಿಧಾನ’ ಅನ್ನುವುದು ನಡೆಯುವುದಿಲ್ಲ. ಆದ್ದರಿಂದ ಸಾಲು ಹೀಗಿರಲಿ: ದಿನಾಂಕ, ಹೆಸರು, ಕೆಲಸಕ್ಕೆ ಇಳಿದ ಹೊತ್ತು, ಬಿಟ್ಟ ಹೊತ್ತು, ಕೊಯ್ದ ಕಿಲೋ, ದರ, ಕೂಲಿ, ತುಂಬಿಕೊಟ್ಟದ್ದು, ಮುಂಗಡಕ್ಕೆ ಹಿಡಿದದ್ದು, ಕೈಗೆ ಕೊಟ್ಟದ್ದು, ಸಹಿ ಅಥವಾ ಹೆಬ್ಬೆಟ್ಟು. ತಕ್ಕಡಿಯಲ್ಲಿ ಚೀಲದ ತೂಕ ಎಷ್ಟು ಕಳೆಯುತ್ತೀರಿ ಅನ್ನುವುದೂ ಮೇಲ್ಗಡೆ ಒಂದು ಸಾಲು ಇರಲಿ. ಒಂದು ಚೀಲಕ್ಕೆ ಅರ್ಧ ಕಿಲೋ ಕಳೆದು ‘ಒದ್ದೆ ಇದೆ’ ಅಂತ ಇನ್ನೆರಡು ಕಿಲೋ ಕಳೆಯುವ ಚಾಳಿ ಇದೆಯಲ್ಲ, ಜಗಳ ಶುರುವಾಗುವುದೇ ಅಲ್ಲಿಂದ.

ಎರಡನೆಯದು, ಗಂಡಾಳು ಹೆಣ್ಣಾಳು ಅಂತ ಎರಡು ಕಾಲಂ. ಒಂದೇ ಕೆಲಸಕ್ಕೆ, ಅಥವಾ ಒಂದೇ ಬಗೆಯ ಕೆಲಸಕ್ಕೆ ಎರಡು ದರ 1976ರಿಂದಲೇ ಅಕ್ರಮ. ಈಗ ವೇತನ ಸಂಹಿತೆಯ ಮೂರನೇ ಕಲಮು ಅದನ್ನೇ ಹೇಳುತ್ತದೆ. ಮರಗಸಿಗೆ (ನೆರಳು ಮರದ ಕೊಂಬೆ ಸವರುವುದು) ಬೇರೆ ದರ, ಕಳೆ ತೆಗೆಯುವುದಕ್ಕೆ ಬೇರೆ ದರ ಇಟ್ಟುಕೊಳ್ಳಿ, ಯಾರು ಮಾಡಿದರೂ ಅದೇ ದರ. ಗಂಡಸರ ದರ ಇಳಿಸಿ ಸಮ ಮಾಡಲು ಮಾತ್ರ ಹೋಗಬೇಡಿ, ಕಾನೂನಿನಲ್ಲಿ ಅದಕ್ಕೂ ಅವಕಾಶವಿಲ್ಲ.

ಮೂರನೆಯದು, ಅಮ್ಮನ ಜೊತೆ ಮಗು ಕೊಯ್ಯುವುದು, ತೂಕ ಅಮ್ಮನ ಹೆಸರಿನಲ್ಲಿ. 14 ವರ್ಷದೊಳಗಿನ ಮಗುವನ್ನು ಕೆಲಸಕ್ಕೆ ಇಟ್ಟುಕೊಂಡರೆ ಆರು ತಿಂಗಳಿಂದ ಎರಡು ವರ್ಷ ಜೈಲು, ಅಥವಾ 20,000ದಿಂದ 50,000 ದಂಡ, ಅಥವಾ ಎರಡೂ. ಬಾಲಕಾರ್ಮಿಕ ಕಾಯ್ದೆ ಸಂಹಿತೆಗಳಲ್ಲಿ ಸೇರಿಲ್ಲ, ಹಾಗೇ ಜೀವಂತ ಇದೆ.

ಮಲ್ಲಂದೂರು ತೋಟ

ಮುಂಗಡದ ವಿಷಯ ಉಳಿಯಿತು. ತಲೆಗೆ 8,000ದಂತೆ ಕೊಟ್ಟಾಗಿದೆ.

ರೈಟರ್ ಪುಸ್ತಕ

ಯಾವ ವೇತನಾವಧಿಯಲ್ಲೂ ಎಲ್ಲ ಕಡಿತ ಸೇರಿ ಅರ್ಧ ಮೀರಬಾರದು. ವಾರದ ಕೂಲಿ 3,000 ಆದರೆ ಮುಂಗಡ, ಪಿಎಫ್ ಪಾಲು ಎಲ್ಲ ಸೇರಿ ಹಿಡಿಯಬಹುದಾದದ್ದು ಗರಿಷ್ಠ 1,500. ವಾರಕ್ಕೆ 500ರಂತೆ 16 ವಾರ ಹಿಡಿದರೆ ತೀರುತ್ತದೆ, ನಿಮ್ಮ ಕೊಯ್ಲಿನ ಅವಧಿಗೂ ಹೊಂದುತ್ತದೆ. ಮುಂಗಡಕ್ಕೆ ಬಡ್ಡಿ ಬೇಡ. ಪ್ರತಿಯೊಬ್ಬರ ಹೆಸರಿನಲ್ಲಿ ಬರೆದು ಅವರ ಸಹಿ ತೆಗೆದುಕೊಳ್ಳಿ. ಮೇಸ್ತ್ರಿ ‘ನಾನು ಎಲ್ಲರಿಗೂ ಕೊಟ್ಟಿದ್ದೇನೆ’ ಅಂದದ್ದು ಆಳಿನ ಸಾಲ ಆಗುವುದಿಲ್ಲ.

ಇದಕ್ಕಿಂತ ಗಂಭೀರವಾದದ್ದು: ಮುಂಗಡ ತೀರಿಲ್ಲ ಅಂತ ಆಳನ್ನು ಹೋಗಲು ಬಿಡದಿರುವುದು, ಆಧಾರ್ ಕಾರ್ಡು ಬೀರುವಿನಲ್ಲಿಡುವುದು. ಅದು ಬಾಕಿ ವಸೂಲಿ ಅಲ್ಲ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಮೂರು ವರ್ಷದವರೆಗಿನ ಜೈಲಿನ ಅಪರಾಧ. ಹೋಗುತ್ತೇನೆ ಅಂದವರನ್ನು ಬಿಡಲೇಬೇಕು. ಉಳಿದ ದುಡ್ಡಿಗೆ ಬೇರೆ ದಾರಿ ಹುಡುಕಿ.

ಬಾಳೆಹೊನ್ನೂರು ಮೆಣಸು

ಏಣಿ ಬಗ್ಗೆ ಹೇಳದೆ ಇದು ಮುಗಿಯಬಾರದು. ಮೆಣಸಿನ ಕೊಯ್ಲಿನಲ್ಲಿ ಸಿಲ್ವರ್ ಮರಕ್ಕೆ ಒರಗಿಸಿದ ಏಣಿ ಜಾರಿ ಬೀಳುವುದು ಮಲೆನಾಡಿಗೆ ಹೊಸದಲ್ಲ. ಅಲ್ಯೂಮಿನಿಯಂ ಏಣಿ ತೋಟದೊಳಗಿನ ವಿದ್ಯುತ್ ತಂತಿಗೆ ತಾಗುವುದು ಅದಕ್ಕಿಂತ ಕೆಟ್ಟದ್ದು. ಇಎಸ್‌ಐ ಇಲ್ಲದ ತೋಟದಲ್ಲಿ ಪರಿಹಾರ ಪೂರ್ತಿ ಮಾಲೀಕನ ತಲೆ ಮೇಲೆ. ಎಷ್ಟಾಗುತ್ತದೆ ಅಂತ ಯಾರಾದರೂ ಲೆಕ್ಕ ಹಾಕಿ ತೋರಿಸಿ.

ಲೆಕ್ಕದ ಕೋಣೆ, ಹಾಸನ

ಸಾವಾದರೆ: ತಿಂಗಳ ವೇತನದ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುವುದು. 40 ವರ್ಷಕ್ಕೆ ಗುಣಕ 184.17. ವೇತನ 12,000 ಆದರೆ 6,000 ಗುಣಿಸು 184.17, ಅಂದರೆ 11,05,020. 30 ವರ್ಷದವನಾದರೆ ಗುಣಕ 207.98, ಮೊತ್ತ 12,47,880. ವಯಸ್ಸು ಕಡಿಮೆಯಾದಷ್ಟೂ ಮೊತ್ತ ಜಾಸ್ತಿ. 2020ರ ಅಧಿಸೂಚನೆಯಂತೆ ಲೆಕ್ಕಕ್ಕೆ ಹಿಡಿಯುವ ವೇತನ ಗರಿಷ್ಠ 15,000. ಒಂದು ತಿಂಗಳೊಳಗೆ ಕೊಡದಿದ್ದರೆ ಶೇ 12 ಬಡ್ಡಿ, ಸಮಂಜಸ ಕಾರಣ ಇಲ್ಲದಿದ್ದರೆ ಅರ್ಧದವರೆಗೆ ದಂಡ. ಹೊಸ ಸಂಹಿತೆಯಲ್ಲಿ ಮನೆಯಿಂದ ಕೆಲಸಕ್ಕೆ ಬರುವ, ಹೋಗುವ ದಾರಿಯಲ್ಲಿ ಆದ ಅಪಘಾತವೂ, ಕೆಲಸಕ್ಕೂ ಅದಕ್ಕೂ ನಂಟು ಕಂಡರೆ, ಇದರೊಳಗೆ ಬರುತ್ತದೆ. ಪಿಕಪ್‌ನಲ್ಲಿ 19 ಜನರನ್ನು ನಿಲ್ಲಿಸಿಕೊಂಡು ಬರುವವರು ಇದನ್ನು ಎರಡು ಸಲ ಓದಿ.

ವಿಮಾ ಕಂಪನಿಗಳಲ್ಲಿ ನೌಕರರ ಪರಿಹಾರ ಪಾಲಿಸಿ ಸಿಗುತ್ತದೆ. ಮಾಡಿಸುವಾಗ ಆಗುವ ತಪ್ಪು ಮೂರು ಥರ: ಏಳು ಜನಕ್ಕೆ ಮಾಡಿಸಿ 26 ಜನರಿಂದ ಕೆಲಸ ಮಾಡಿಸುವುದು, ವೇತನ ಕಡಿಮೆ ಬರೆದು ಪ್ರೀಮಿಯಂ ಉಳಿಸುವುದು, ಮರ ಹತ್ತುವ ಕೆಲಸ ಇದೆ ಅಂತ ಹೇಳದೆ ಬರೀ ತೋಟದ ಕೆಲಸ ಅಂತ ಬರೆಸುವುದು. ಮೂರರಲ್ಲಿ ಯಾವುದಾದರೂ ಕ್ಲೇಮ್ ಹೊತ್ತಿಗೆ ಎದುರು ಬಂದು ನಿಲ್ಲುತ್ತದೆ. ಮೇಸ್ತ್ರಿಯ ಆಳುಗಳೂ ಸೇರಿದ್ದಾರೆ ಅಂತ ಪಾಲಿಸಿಯಲ್ಲೇ ಬರೆಸಿ. ಬಡ್ಡಿ, ದಂಡವನ್ನು ಮಾಮೂಲಿ ಪಾಲಿಸಿ ಕೊಡುವುದಿಲ್ಲ, ಕೇಳಿ ತಿಳಿದುಕೊಳ್ಳಿ.

ಸಂತೆಪೇಟೆ ಬೇಕರಿ

ನೇಮಕಾತಿ ಪತ್ರ ಎಲ್ಲರಿಗೂ ಕಡ್ಡಾಯ ಅಂತಾರೆ. ಒಂದು ವರ್ಷದ ಕರಾರಿನಲ್ಲಿ ಇಟ್ಟುಕೊಂಡರೆ ಗ್ರಾಚ್ಯುಟಿ ತಪ್ಪುತ್ತದೆಯೇ?

ಲೆಕ್ಕದ ಕೋಣೆ, ಹಾಸನ

ಮೊದಲು ತಪ್ಪುತ್ತಿತ್ತು, ಈಗ ಉಲ್ಟಾ. ನಿಗದಿತ ಅವಧಿಯ ನೌಕರನಿಗೆ ಒಂದು ವರ್ಷ ತುಂಬಿದರೆ ಕೆಲಸ ಮಾಡಿದ ಅವಧಿಗೆ ತಕ್ಕಂತೆ ಗ್ರಾಚ್ಯುಟಿ. ಐದು ವರ್ಷದ ಕಾಯುವಿಕೆ ಕಾಯಂ ನೌಕರರಿಗೆ ಮಾತ್ರ. ಸಂಬಳ, ಸವಲತ್ತು ಅದೇ ಕೆಲಸದ ಕಾಯಂ ನೌಕರರಷ್ಟೇ. ನಿಮಗೆ ಸಿಗುವ ಅನುಕೂಲ ಒಂದೇ: ಅವಧಿ ಮುಗಿದು ಹೋದರೆ ಅದು ಕೆಲಸದಿಂದ ತೆಗೆದದ್ದು ಅಂತ ಆಗುವುದಿಲ್ಲ, ತೆಗೆದದ್ದಕ್ಕೆ ಕೊಡುವ ಪರಿಹಾರ ಬೇಕಿಲ್ಲ.

ನೇಮಕಾತಿ ಪತ್ರಕ್ಕೆ ಒಂದು ಹಾಳೆ ಸಾಕು. ಹೆಸರು, ವಿಳಾಸ, ಸೇರಿದ ದಿನ, ಕೆಲಸ, ಕೌಶಲದ ದರ್ಜೆ, ವೇತನದ ಬಿಡಿ ವಿವರ, ಕೆಲಸದ ಹೊತ್ತು, ವಾರದ ರಜೆ, ಯುಎಎನ್ ಮತ್ತು ಇಎಸ್‌ಐ ನಂಬರ್, ಎರಡೂ ಕಡೆ ಸಹಿ. ಕನ್ನಡದಲ್ಲೇ ಬರೆಯಿರಿ. ಓದಲು ಬಾರದ ಭಾಷೆಯಲ್ಲಿ ಸಹಿ ಹಾಕಿಸಿಕೊಂಡ ಕಾಗದ ಜಗಳದ ಹೊತ್ತಿಗೆ ನಿಮ್ಮ ಕೈ ಹಿಡಿಯುವುದಿಲ್ಲ.

ಅರಸೀಕೆರೆ ಕೊಬ್ಬರಿ

ಕೊಯ್ಲಿಗೆ ಬರುವವರಿಗೂ ಗ್ರಾಚ್ಯುಟಿ ಲೆಕ್ಕ ಇದೆಯಾ?

ರೈಟರ್ ಪುಸ್ತಕ

ಇದೆ. ಹಂಗಾಮಿನ ಸಂಸ್ಥೆಯಲ್ಲಿ ವರ್ಷಪೂರ್ತಿ ಕೆಲಸ ಇಲ್ಲದವರಿಗೆ ಹಂಗಾಮಿಗೆ 7 ದಿನದ ವೇತನದಂತೆ. ಕಿಲೋ ಲೆಕ್ಕದವರಿಗೆ ಕೊನೆಯ ಮೂರು ತಿಂಗಳ ಸರಾಸರಿ ಹಿಡಿಯಬೇಕು, ಓಟಿ ಬಿಟ್ಟು. ಆದರೆ ಹಕ್ಕು ಹುಟ್ಟಲು ಸತತ ಸೇವೆ ಬೇಕು. ಒಂದು ಕೊಯ್ಲಿಗೆ ಬಂದು ಹೋದವರಿಗೆ ಬರುವುದಿಲ್ಲ. ವರ್ಷ ವರ್ಷ ಅದೇ ಕುಟುಂಬ ಬರುತ್ತಿದ್ದರೆ ಹಳೆ ಚೆಕ್‌ರೋಲ್ ಸುಡಬೇಡಿ.

ಮಲ್ಲಂದೂರು ತೋಟ

ಕೊನೆಯದೊಂದು. ಶನಿವಾರ ಸಂಜೆ ಒಬ್ಬ ‘ನಾಳೆಯಿಂದ ಬರಲ್ಲ’ ಅಂದ. ನಮ್ಮ ಬಟವಾಡೆ ಮುಂದಿನ ಗುರುವಾರ. ಅಲ್ಲಿವರೆಗೆ ಕಾಯಿಸಬಹುದೇ?

ರೈಟರ್ ಪುಸ್ತಕ

ಇಲ್ಲ. ಬಿಟ್ಟರೂ, ಬಿಡಿಸಿದರೂ, ಪೂರ್ತಿ ಬಾಕಿ ಎರಡು ಕೆಲಸದ ದಿನದೊಳಗೆ. ಭಾನುವಾರ ರಜೆ ಇದ್ದರೆ ಸೋಮವಾರ ಒಂದು, ಮಂಗಳವಾರ ಎರಡು. ಮಂಗಳವಾರ ಸಂಜೆಯೊಳಗೆ ಅವನ ಖಾತೆಗೆ ಹೋಗಬೇಕು. ಕೊಟ್ಟ ಮುಂಗಡದಲ್ಲಿ ಉಳಿದದ್ದನ್ನು ಆ ಕೊನೆಯ ಕೂಲಿಯಲ್ಲಿ ಹಿಡಿಯುವಾಗಲೂ ಅರ್ಧದ ಮಿತಿ ಮರೆಯಬೇಡಿ. ಚೆಕ್‌ರೋಲಿನಲ್ಲಿ ಅವನ ಹೆಸರಿನ ಮುಂದೆ ಬಿಟ್ಟ ದಿನ, ಕೊಟ್ಟ ದಿನ ಎರಡೂ ಬರೆದು ಸಹಿ ಹಾಕಿಸಿ. ಪಿಎಫ್ ಪೋರ್ಟಲಿನಲ್ಲಿ ಬಿಟ್ಟ ದಿನಾಂಕವನ್ನೂ ಹಾಕಿಬಿಡಿ. ಅದೊಂದು ಬಿಟ್ಟುಹೋದರೆ ಅವನು ಅಸ್ಸಾಂಗೆ ಹೋಗಿ ದುಡ್ಡು ತೆಗೆಯಲು ಕೂತಾಗ ನಿಮಗೆ ಫೋನ್ ಬರುತ್ತಲೇ ಇರುತ್ತದೆ.